ಬೇಸ್‌ಮೆಂಟ್‌ನ್ಯಾಗ ನಿಂತ್ರ 140 ಮೀಟರ್ ದೂರ ಅಂತ ತೋರಸ್ತೈತಿ: ಫೋನಿನ ಲೊಕೇಷನ್ ಎಷ್ಟು ನಂಬಬಹುದು?

ಇಂಡಿ_ಹುಡುಗ (ಘಾಟ್ಕೋಪರ್)
ಭಾನುವಾರ, ರಾತ್ರಿ 9:12

ನಮಸ್ಕಾರ ಎಲ್ಲಾರಿಗೂ. ಭಾಳ ದಿನದಿಂದ ಬರೇ ಓದತಿದ್ದೆ, ಇವತ್ತ ಬರಿಯೂ ಪ್ರಸಂಗ ಬಂದೈತಿ. ನಮ್ಮ ಕಾಕಾ ಲೋವರ್ ಪರೇಲ್‌ದಾಗ ಒಂದ ಆಫೀಸ್ ಟವರ್‌ನ್ಯಾಗ ಸೆಕ್ಯುರಿಟಿ ಅದಾರ, ಹನ್ನೊಂದ ವರ್ಷ ಆತು, ಒಂದ ದಿನಾ ತಡಾ ಮಾಡಿ ಹೋದವರಲ್ಲ. ಎರಡ ತಿಂಗಳ ಹಿಂದ ಅವರ ಏಜೆನ್ಸಿಯವರು ರಜಿಸ್ಟರ್ ತಗದು ಹಾಜರಿಗೆ ಆ್ಯಪ್ ತಂದಾರ. ಫೋನ್‌ನ್ಯಾಗ ಸೆಲ್ಫಿ ತಗೀಬೇಕು, ಸೈಟಿನಿಂದ 50 ಮೀಟರ್ ಒಳಗ ಇದ್ರ ಅಷ್ಟ ಹಾಜರಿ ಬೀಳತೈತಿ. ಕಾಕಾಂದು ರಾತ್ರಿ ಪಾಳಿ, ಎಂಟಕ್ಕ ಎರಡನೇ ಬೇಸ್‌ಮೆಂಟ್‌ನ್ಯಾಗ ಡ್ರೆಸ್ ಹಾಕ್ಕೊಂಡು ಅಲ್ಲೇ ಗಾರ್ಡ್ ರೂಮಿನ ಮುಂದ ನಿಂತು ಒತ್ತತಾರ. ಅದು 'ನೀವು ಸೈಟಿನಿಂದ 140 ಮೀಟರ್ ದೂರ ಇದ್ದೀರಿ' ಅಂತೈತಿ. ಒಂದೊಂದ ಸಲಾ 310. ಒಮ್ಮೆ ಸೀದಾ ರೈಲ್ವೆ ಹಳಿ ಆಚೆ ತೋರಿಸಿತ್ತು. ಈ ತಿಂಗಳು ನಾಕ ದಿನದ ಪಗಾರ ಹಿಡದಾರ.

ಸೂಪರ್‌ವೈಸರ್ ಏನಂತಾನ ಅಂದ್ರ, ಇದು ಸ್ಯಾಟಲೈಟ್‌ನಿಂದ ಬರೂದು, ಸ್ಯಾಟಲೈಟ್ ಸುಳ್ಳ ಹೇಳಂಗಿಲ್ಲ, ನೀವ ಹೇಳ್ತೀರಿ. ಕಾಕಾ ಊರಾಗ ಯಾರ ಕಡಿಂದನೂ ಒಂದ ಮಾತ ಅನ್ನಿಸಿಕೊಂಡವರಲ್ಲ. ಮೊನ್ನೆ ಮನಿಗೆ ಬಂದು ಊಟಾ ಮಾಡ್ಲಿಲ್ಲ, ಸುಮ್ಮ ಗ್ವಾಡಿ ಕಡೆ ಮಕಾ ಮಾಡಿ ಮಲಗಿದ್ರು.

ನಂಗ ಗೊತ್ತಾಗಬೇಕಾದ್ದು ಇಷ್ಟ, ಫೋನು ನಾವ ಎಲ್ಲಿ ಅದೀವಿ ಅನ್ನೂದು ಖರೇನ ಎಷ್ಟು ಸರಿಯಾಗಿ ಹೇಳ್ತೈತಿ? ಅವರ ಮುಂದ ಇಟ್ಟು ಮಾತಾಡಾಕ ಬರುವಂಥಾ ಮಾಹಿತಿ ಬೇಕ್ರಿ.

ಡೊಂಬಿವಲಿ_ಫಾಸ್ಟ್
ರಾತ್ರಿ 9:31

ಸುಳ್ಳು ಹೇಳುದಿಲ್ಲ ಅಂತ ಹೇಳಿದವರಿಗೆ ನಮ್ಮ ಮನೆ ಕತೆ ಹೇಳಿ ಮಾರಾಯ್ರೆ. ನಾವು ಹೋದ ವರ್ಷ ಅಂಧೇರಿಯಿಂದ ಡೊಂಬಿವಲಿಗೆ ಬಂದದ್ದು, ವೈಫೈ ರೂಟರ್ ಹಳೆದೇ ತಂದದ್ದು. ಒಂದು ಹತ್ತು ದಿನ ಹಾಲ್‌ನಲ್ಲಿ ಕೂತ್ರೆ ಫೋನ್ ಅಂಧೇರಿ ಅಂತಲೇ ತೋರಿಸುದು, ಬಾಲ್ಕನಿಗೆ ಹೋದ್ರೆ ಸರಿ ಆಗುದು, ಒಳಗೆ ಬಂದ್ರೆ ಪುನಃ ಅಂಧೇರಿ. ಊಟ ಆರ್ಡರ್ ಮಾಡ್ಲಿಕ್ಕೆ ಹೋದ್ರೆ ಅಂಧೇರಿಯ ಹೋಟೆಲಿನ ಲಿಸ್ಟೇ ಬರುದು. ಆಮೇಲೆ ನಮ್ಮ ಭಾವ ಹೇಳಿದ್ರು, ಮನೆಯೊಳಗೆ ಫೋನ್ ಸ್ಯಾಟಲೈಟ್ ನೋಡುದೇ ಇಲ್ಲ, ಸುತ್ತ ಯಾವ ಯಾವ ವೈಫೈ ಉಂಟು ಅಂತ ನೋಡಿ ಊಹೆ ಮಾಡುದು, ಈ ರೂಟರ್ ಅಂಧೇರಿಯಲ್ಲಿ ಉಂಟು ಅಂತ ಅದರ ಲೆಕ್ಕದಲ್ಲಿ ಬರ್ದದ್ದು ಅಂತ. ನಿಮ್ಮ ಕಾಕನದ್ದೂ ಇಂಥದ್ದೇ ಎಂತದ್ದೋ ಇರ್ಬೇಕು.

ಮುಲುಂಡ್_ಮೇಷ್ಟ್ರು
ರಾತ್ರಿ 10:05

ತಮ್ಮಾ, ಮೊದಲು ಆ ಸೂಪರ್‌ವೈಸರ್ ಮಾತಿಗೆ ಉತ್ತರ ಕೊಡೋಣ. ನಾನು ನಲವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವನು, ಈ ಮಾತು ಕೇಳಿದ್ರೆ ಸುಮ್ಮನೆ ಕೂರೋಕಾಗಲ್ಲ.

ಉಪಗ್ರಹ ಯಾರಿಗೂ 'ನೀನು ಇಂಥ ಕಡೆ ಇದ್ದೀಯ' ಅಂತ ಹೇಳೋದೇ ಇಲ್ಲ. ನಿಮ್ಮ ಕಾಕಾ ಕೈಲಿ ಒಂದು ಫೋನಿದೆ ಅನ್ನೋದೂ ಅದಕ್ಕೆ ಗೊತ್ತಿಲ್ಲ. ಜಿಪಿಎಸ್ ಉಪಗ್ರಹ 20,200 ಕಿಲೋಮೀಟರ್ ಮೇಲಿಂದ ಒಂದೇ ಸಮನೆ ಕೂಗಿ ಹೇಳ್ತಿರೋದು ಇಷ್ಟೇ, ನಾನು ಇಲ್ಲಿದ್ದೀನಿ, ನನ್ನ ಗಡಿಯಾರದಲ್ಲಿ ಈಗ ಇಷ್ಟು ಹೊತ್ತು. ಆ ಕೂಗು ಬಂದು ಮುಟ್ಟೋಕೆ ಎಷ್ಟು ಹೊತ್ತು ಹಿಡೀತು ಅಂತ ನೋಡಿ ದೂರ ಲೆಕ್ಕ ಹಾಕೋದು ಫೋನು. ಬೆಳಕಿನ ವೇಗದ ಲೆಕ್ಕ ಇದು, ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ಎಡವಟ್ಟಾದ್ರೂ 300 ಮೀಟರ್ ತಪ್ಪತ್ತೆ. ಉಪಗ್ರಹದಲ್ಲಿರೋದು ಪರಮಾಣು ಗಡಿಯಾರ, ಫೋನಲ್ಲಿರೋದು ಸಾಧಾರಣ ಕ್ವಾರ್ಟ್ಜ್. ಅದಕ್ಕೇ ಮೂರು ಉಪಗ್ರಹ ಸಾಲೋದಿಲ್ಲ, ಕಡೇ ಪಕ್ಷ ನಾಲ್ಕು ಕಾಣಬೇಕು, ನಾಲ್ಕನೇದು ಫೋನಿನ ಗಡಿಯಾರ ಎಷ್ಟು ತಪ್ಪಿದೆ ಅಂತ ಕಂಡುಹಿಡಿಯೋಕೆ.

ಇನ್ನು ಆ ಸಿಗ್ನಲ್ ಎಷ್ಟು ಸಣ್ಣದು ಅಂದ್ರೆ, ಅಷ್ಟು ದೂರದಲ್ಲಿ ಒಂದು ಬಲ್ಬ್ ಹಚ್ಚಿಟ್ಟು ಅದರ ಬೆಳಕು ಇಲ್ಲಿ ಹುಡುಕಿದ ಹಾಗೆ. ಒಂದು ಕಾಂಕ್ರೀಟ್ ಸ್ಲಾಬ್ ಅಡ್ಡ ಬಂದ್ರೇನೇ ಸೊರಗಿಹೋಗತ್ತೆ. ಎರಡು ಬೇಸ್‌ಮೆಂಟ್ ಕೆಳಗೆ, ಮೇಲೆ ಪೂರ್ತಿ ಟವರು, ಅಲ್ಲಿಗೆ ಉಪಗ್ರಹದ ಮಾತು ಇಳಿಯೋದೇ ಇಲ್ಲ. ಅಂದಮೇಲೆ ಆ 140 ಮೀಟರ್ ಅನ್ನೋ ಅಂಕಿ ಉಪಗ್ರಹ ಕೊಟ್ಟಿದ್ದೇ ಅಲ್ಲ. ಇದನ್ನ ಮೊದಲು ಅವನಿಗೆ ಕೇಳಿ.

ಬಯಲಲ್ಲಿ ನಿಂತ್ರೆ ಎಷ್ಟು ಅಂದ್ರಾ? ಅಮೆರಿಕ ಸರ್ಕಾರದ ಜಿಪಿಎಸ್ ಜಾಲತಾಣವೇ ಕೊಡೋ ಲೆಕ್ಕ, ತೆರೆದ ಆಕಾಶದ ಕೆಳಗೆ ಸಾಮಾನ್ಯ ಫೋನು 4.9 ಮೀಟರ್ ಒಳಗೆ, ಕಟ್ಟಡ ಸೇತುವೆ ಮರ ಹತ್ತಿರ ಇದ್ರೆ ಅದಕ್ಕಿಂತ ಕಳಪೆ. ಹಿಂದೆ ಇದೂ ಇರಲಿಲ್ಲ, 2000ದ ಮೇ ತಿಂಗಳವರೆಗೆ ಅಮೆರಿಕದವರು ಸಾರ್ವಜನಿಕರಿಗೆ ಬಿಡೋ ಸಿಗ್ನಲ್ಲಿಗೆ ಬೇಕಂತಲೇ ತಪ್ಪು ಬೆರೆಸಿ ಬಿಡ್ತಿದ್ರು, ಸುಮಾರು 100 ಮೀಟರ್ ಅತ್ತಿತ್ತ ಆಗ್ತಿತ್ತು.

ಹಿಂಜವಡಿ_ಕೋಡರ್
ರಾತ್ರಿ 10:48

ಮೇಷ್ಟ್ರು ಹೇಳಿದ್ದು ಪೂರ್ತಿ ಸರಿ. ನಾನು ಆ್ಯಂಡ್ರಾಯ್ಡ್ ಆ್ಯಪ್ ಬರಿಯೋನು, ಲೊಕೇಷನ್ ಕೆಲಸಾನೇ ಆರು ವರ್ಷದಿಂದ ಮಾಡ್ತಿದೀನಿ, ಪಗಾರ ಹಿಡಿದಿದ್ದಾರೆ ಅಂತ ಓದಿ ನಿಜವಾಗ್ಲೂ ಬೇಜಾರಾಯ್ತು, ಯಾಕಂದ್ರೆ ಇದು ಆ್ಯಪ್ ಬರೆದೋರ ತಪ್ಪು, ನಿಮ್ಮ ಕಾಕಾದಲ್ಲ.

ಫೋನಿಗೆ 'ನಾನೆಲ್ಲಿದ್ದೀನಿ' ಅಂತ ಕೇಳಿದ್ರೆ ಅದು ಯಾವತ್ತೂ ಬರೀ ಒಂದು ಚುಕ್ಕೆ ಕೊಡಲ್ಲ. ಚುಕ್ಕೆ ಜೊತೆ ಇನ್ನೊಂದು ಅಂಕಿ ಕೊಡುತ್ತೆ, ಆಕ್ಯುರಸಿ ಅಂತ, ಮೀಟರ್‌ನಲ್ಲಿ. ಮ್ಯಾಪಲ್ಲಿ ನೀಲಿ ಚುಕ್ಕೆ ಸುತ್ತ ತಿಳಿನೀಲಿ ವೃತ್ತ ಕಾಣುತ್ತಲ್ಲ, ಅದೇ. ಫೋನ್ ಹೇಳ್ತಿರೋದು 'ಈ ವೃತ್ತದೊಳಗೆ ಎಲ್ಲೋ ಇದ್ದೀನಿ ಅನ್ಸುತ್ತೆ' ಅಂತ, ಚುಕ್ಕೆ ಮಧ್ಯದಲ್ಲಿದೆ ಅಂದ ಮಾತ್ರಕ್ಕೆ ಅಲ್ಲೇ ಇದ್ದೀರಿ ಅಂತಲ್ಲ. ಅದರಲ್ಲೂ ಆ್ಯಂಡ್ರಾಯ್ಡ್‌ನಲ್ಲಿ ಆ ವೃತ್ತದ ಅರ್ಥ ಶೇಕಡ 68 ಅಷ್ಟೇ. ಅಂದ್ರೆ ಮೂರು ಸಲ ನೋಡಿದ್ರೆ ಹತ್ತಿರ ಹತ್ತಿರ ಒಂದು ಸಲ ನೀವು ವೃತ್ತದ ಆಚೆಗೇ ಇರಬಹುದು, ಮತ್ತೆ ಅದು ಫೋನಿನ ತಪ್ಪಲ್ಲ, ಅದು ಹೇಳಿದ್ದೇ ಅಷ್ಟು.

ಬೇಸ್‌ಮೆಂಟಲ್ಲಿ ಉಪಗ್ರಹ ಇಲ್ಲ, ವೈಫೈ ಇದ್ರೆ ವೈಫೈ ನೋಡುತ್ತೆ, ಅದೂ ಇಲ್ಲಾಂದ್ರೆ ಮೊಬೈಲ್ ಟವರ್. ಟವರ್ ಲೆಕ್ಕ ಅಂದ್ರೆ ನೂರಾರು ಮೀಟರಿಂದ ಕಿಲೋಮೀಟರ್‌ಗಟ್ಟಲೆ. ಕಾಕಾಗೆ 310 ಬಂದಿದ್ದು ಇದೇ ಇರ್ಬೇಕು, ಚುಕ್ಕೆ ರೈಲ್ವೆ ಹಳಿ ಆಚೆ ಬಿದ್ದಿದೆ ಆದ್ರೆ ವೃತ್ತ ನೋಡಿದ್ರೆ ಇಡೀ ಲೋವರ್ ಪರೇಲ್ ಅದರೊಳಗಿತ್ತು. ಒಳ್ಳೆ ಆ್ಯಪ್ ಆದ್ರೆ 'ನಿಮ್ಮ ಲೊಕೇಷನ್ ಸರಿಯಾಗಿ ಸಿಕ್ತಿಲ್ಲ, ಹೊರಗೆ ಬಂದು ಮತ್ತೆ ಒತ್ತಿ' ಅನ್ನಬೇಕು. ಇದು ವೃತ್ತ ನೋಡದೆ ಚುಕ್ಕೆ ಹಿಡ್ಕೊಂಡು ದೂರ ಅಳೆದಿದೆ.

ಇನ್ನೊಂದು ಇದೆ, ಇದನ್ನ ಅವರ ಮುಂದೆ ಇಡಿ. ಜಾಗಕ್ಕೆ ಬೇಲಿ ಹಾಕೋ ಈ ಥರದ ಕೆಲಸಕ್ಕೆ ಜಿಯೋಫೆನ್ಸ್ ಅಂತಾರೆ. ಆ್ಯಂಡ್ರಾಯ್ಡ್ ಡೆವಲಪರ್‌ಗಳಿಗೆ ಗೂಗಲ್ ಕೊಟ್ಟಿರೋ ಸೂಚನೆಯಲ್ಲೇ ಬರೆದಿದೆ, ಬೇಲಿಯ ತ್ರಿಜ್ಯ ಕನಿಷ್ಠ 100ರಿಂದ 150 ಮೀಟರ್ ಇಡಿ ಅಂತ, ವೈಫೈ ಇದ್ದಾಗಲೂ ಸಾಮಾನ್ಯವಾಗಿ 20ರಿಂದ 50 ಮೀಟರ್ ನಿಖರತೆ ಅಂತ. ಇವರು 50 ಇಟ್ಟಿದ್ದಾರೆ, ಅದೂ ಬೇಸ್‌ಮೆಂಟ್ ಕೆಲಸದವರಿಗೆ.

ಸಯನ್_ಸಂಜೆ
ರಾತ್ರಿ 11:02

ಇಷ್ಟೆಲ್ಲಾ ಯಾಕೆ, ಫೇಕ್ ಲೊಕೇಷನ್ ಆ್ಯಪ್ ಹಾಕಿಕೊಡಿ ಕಾಕಾಗೆ. ನಮ್ಮ ಆಫೀಸಲ್ಲಿ ಇಬ್ಬರು ಅದೇ ಮಾಡ್ತಾರೆ.

ಹಿಂಜವಡಿ_ಕೋಡರ್
ರಾತ್ರಿ 11:06

ದಯವಿಟ್ಟು ಬೇಡ. ಆ ಥರ ಕೊಟ್ಟ ಲೊಕೇಷನ್‌ಗೆ ಆ್ಯಂಡ್ರಾಯ್ಡ್ ಒಳಗಿಂದಲೇ 'ಇದು ನಕಲಿ' ಅಂತ ಗುರುತು ಅಂಟಿಸಿ ಕಳಿಸುತ್ತೆ, ಆ್ಯಪ್ ಅದನ್ನ ನೋಡಬಹುದು. ಈಗ ಕಾಕಾ ಕಡೆ ಸತ್ಯ ಇದೆ, ಹನ್ನೊಂದು ವರ್ಷದ ಹೆಸರಿದೆ. ಒಂದು ದಿನ ಸಿಕ್ಕಿಬಿದ್ರೆ ಅವರು ಹೇಳಿದ್ದೇ ನಿಜ ಅನ್ನೋ ಹಾಗೆ ಆಗೋಗುತ್ತೆ.

ಇಂಡಿ_ಹುಡುಗ (ಘಾಟ್ಕೋಪರ್)
ರಾತ್ರಿ 11:15

ಅದು ಆಗಂಗಿಲ್ರಿ, ಕಾಕಾ ಒಪ್ಪೂ ಮನಷ್ಯಾನೂ ಅಲ್ಲ. ಮೇಷ್ಟ್ರ, ಕೋಡರ್ ಅಣ್ಣಾ, ಇಬ್ಬರದೂ ಎರಡೆರಡ ಸಲಾ ಓದೀನಿ. ಒಂದ ಕೇಳ್ತೀನಿ, ಹೊರಗ ಗೇಟಿನ ಕಡೆ ಬಂದು ಒತ್ತಿದ್ರ ಖಾತ್ರಿ ಸರಿ ಬರ್ತೈತೇನು? ಅಲ್ಲಿ ನಾಕೂ ಕಡೆ ಗಾಜಿನ ಬಿಲ್ಡಿಂಗ್ ಅದಾವ.

ಮುಲುಂಡ್_ಮೇಷ್ಟ್ರು
ಸೋಮವಾರ, ಬೆಳಗ್ಗೆ 6:20

ಒಳ್ಳೇ ಪ್ರಶ್ನೆ ಕೇಳಿದೆ. ಬೆಟ್ಟದ ಎದುರು ನಿಂತು ಕೂಗಿದ್ರೆ ಎರಡು ದನಿ ಕೇಳುತ್ತಲ್ಲ, ಅದೇ ಆಗೋದು ಅಲ್ಲಿ. ಉಪಗ್ರಹದ ಸಿಗ್ನಲ್ ಎದುರಿನ ಗಾಜಿನ ಗೋಡೆಗೆ ಬಡಿದು ಸುತ್ತಿ ಬರುತ್ತೆ. ನೇರ ದಾರಿ ಕಟ್ಟಡದ ಹಿಂದೆ ಮರೆಯಾಗಿ ಆ ಸುತ್ತಿ ಬಂದದ್ದೊಂದೇ ಕೇಳಿಸಿದ್ರೆ, ಫೋನು ಅದನ್ನೇ ನೇರ ಅಂದ್ಕೊಳ್ಳುತ್ತೆ, ಉಪಗ್ರಹ ಇರೋದಕ್ಕಿಂತ ಐವತ್ತೋ ಎಂಬತ್ತೋ ಮೀಟರ್ ದೂರ ಇದೆ ಅಂತ ಲೆಕ್ಕ ಮಾಡುತ್ತೆ, ನಿಮ್ಮನ್ನ ರಸ್ತೆ ದಾಟಿಸಿ ಆ ಕಡೆ ಫುಟ್‌ಪಾತಿಗೆ ಹಾಕುತ್ತೆ. ಆದ್ದರಿಂದ ಗೇಟಿನ ಹತ್ತಿರ ಎಲ್ಲಿ ನಿಂತ್ರೆ ಆಕಾಶ ಹೆಚ್ಚು ಕಾಣುತ್ತೋ ಅಲ್ಲಿ ನಿಲ್ಲಬೇಕು, ಗೋಡೆಗೆ ಅಂಟಿಕೊಂಡು ಅಲ್ಲ.

ಹಿಂಜವಡಿ_ಕೋಡರ್
ಬೆಳಗ್ಗೆ 8:40

ಇದಕ್ಕೆ ಸೇರಿಸ್ತೀನಿ. ಈಗಿನ ಹಲವು ಫೋನಲ್ಲಿ ಎರಡು ಫ್ರೀಕ್ವೆನ್ಸಿ ಕೇಳೋ ಚಿಪ್ ಇದೆ, ಹಳೇ ಎಲ್1 ಜೊತೆ ಎಲ್5. 2018ರಲ್ಲಿ ಶಓಮಿ ಎಂಐ 8 ಅನ್ನೋ ಫೋನಲ್ಲಿ ಮೊದಲು ಬಂತು. ಎಲ್5 ಸಿಗ್ನಲ್ಲಿನ ಒಂದೊಂದು ತುಣುಕು ಹತ್ತು ಪಟ್ಟು ಚಿಕ್ಕದು, ಹಾಗಾಗಿ ನೇರ ಬಂದಿದ್ದು ಯಾವುದು ಗೋಡೆಗೆ ಬಡಿದು ಬಂದಿದ್ದು ಯಾವುದು ಅಂತ ಬೇರೆ ಮಾಡೋದು ಸುಲಭ. ಅಯಾನುಗೋಳ ಅಂತ ವಾತಾವರಣದ ಮೇಲ್ಪದರ ಇದೆಯಲ್ಲ, ಅಲ್ಲಿ ಸಿಗ್ನಲ್ ತಡವಾಗೋದೂ ಎರಡು ಫ್ರೀಕ್ವೆನ್ಸಿಗೆ ಬೇರೆ ಬೇರೆ ಪ್ರಮಾಣದಲ್ಲಿ, ಎರಡನ್ನೂ ಹೋಲಿಸಿ ಆ ತಪ್ಪನ್ನ ಕಳೆದುಬಿಡಬಹುದು. ಆದ್ರೆ ಏಳೆಂಟು ಸಾವಿರದ ಫೋನಲ್ಲಿ ಇದು ಸಾಮಾನ್ಯವಾಗಿ ಇರಲ್ಲ, ಗಾರ್ಡ್‌ಗಳ ಕೈಲಿರೋದು ಅದೇ ಅಲ್ವಾ, ಏಜೆನ್ಸಿ ಫೋನ್ ಕೊಟ್ಟಿಲ್ಲ, ಅವರವರದ್ದೇ ತಂದುಕೊಳ್ಳಿ ಅಂದಿರ್ತಾರೆ.

ಒತ್ತೋ ಮೊದಲು ಮ್ಯಾಪ್ ತೆಗೆದು ಒಂದು ನಿಮಿಷ ಹಾಗೇ ಹಿಡ್ಕೊಳ್ಳೋಕೆ ಹೇಳಿ, ವೃತ್ತ ಸಣ್ಣ ಆಗೋದು ಕಣ್ಣಿಗೇ ಕಾಣುತ್ತೆ, ಆಮೇಲೆ ಹಾಜರಿ ಆ್ಯಪ್. ತುಂಬಾ ಆ್ಯಪ್‌ಗಳು ಹೊಸದಾಗಿ ಕೇಳೋದೇ ಇಲ್ಲ, ಫೋನಿಗೆ ಕೊನೇಗೆ ಗೊತ್ತಿದ್ದ ಜಾಗ ಯಾವುದೋ ಅದನ್ನೇ ಎತ್ತಿಕೊಂಡುಬಿಡ್ತವೆ. ಟ್ರೇನಲ್ಲಿ ಬರೋವಾಗಿಂದು ಉಳಿದಿದ್ರೆ ಹಳಿ ಆಚೆ ತೋರಿಸಿದ್ರಲ್ಲಿ ಆಶ್ಚರ್ಯ ಇಲ್ಲ.

ವಾಶಿ_ವಾಸಿ
ಬೆಳಗ್ಗೆ 9:55

ನಂಗ್ಯಾಕೋ ಇಷ್ಟು ಕೆಟ್ಟದಾಗಿ ಅನ್ಸಿಲ್ಲ ಕಣ್ರೀ. ದಿನಾ ಕಾರಲ್ಲಿ ಹೋಗ್ತೀನಿ, ಚುಕ್ಕೆ ಕರೆಕ್ಟಾಗಿ ರೋಡ್ ಮಧ್ಯೆನೇ ಇರುತ್ತೆ, ಒಂದು ಅಡಿ ಆಚೀಚೆ ಆಗಲ್ಲ.

ಹಿಂಜವಡಿ_ಕೋಡರ್
ಬೆಳಗ್ಗೆ 10:10

ಅದು ರೋಡ್ ಮಧ್ಯೆ ಇರೋದು ಮ್ಯಾಪ್ ಅದನ್ನ ರೋಡಿಗೆ ಅಂಟಿಸೋದ್ರಿಂದ. ಈ ಮನುಷ್ಯ ಗಂಟೆಗೆ 50 ಕಿಲೋಮೀಟರ್‌ನಲ್ಲಿ ಹೋಗ್ತಿದ್ದಾನೆ, ಬಿಲ್ಡಿಂಗ್ ಒಳಗೆ ಓಡ್ತಿರೋಕೆ ಸಾಧ್ಯ ಇಲ್ಲ, ಹತ್ತಿರದ ರಸ್ತೆ ಇದು, ಹಾಕು ಅಂತ. ಪುಣೆಯ ಚಾಂದನಿ ಚೌಕಕ್ಕೆ ಬನ್ನಿ, 2022ರ ಅಕ್ಟೋಬರ್‌ನಲ್ಲಿ ಹಳೇ ಸೇತುವೆ ಉರುಳಿಸಿ ಹೊಸ ರ‍್ಯಾಂಪ್‌ಗಳನ್ನ ಕಟ್ಟಿದ್ದಾರಲ್ಲ, ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು. ಅಲ್ಲಿ ಐದು ಮೀಟರ್ ತಪ್ಪಾದ್ರೂ ಬೇರೆ ರ‍್ಯಾಂಪ್ ಮೇಲಿರ್ತೀರಿ, ಅಂಟಿಸೋಕೆ ಎರಡು ರಸ್ತೆ ಇದ್ರೆ ಅದು ಯಾವುದಕ್ಕೆ ಅಂಟಿಸಬೇಕು? ಮೇಲಿನ ರಸ್ತೆಯೋ ಕೆಳಗಿನದೋ ಹೇಳೋದು ಇನ್ನೂ ಕಷ್ಟ, ಯಾಕಂದ್ರೆ ಉಪಗ್ರಹ ಎಲ್ಲಾ ನಮ್ಮ ತಲೆ ಮೇಲೇ ಇರೋದು, ನೆಲದ ಕೆಳಗಿಂದ ಯಾವುದೂ ಕಾಣಲ್ಲ, ಹಾಗಾಗಿ ಎತ್ತರದ ಲೆಕ್ಕ ಯಾವಾಗಲೂ ಅಡ್ಡಲೆಕ್ಕಕ್ಕಿಂತ ಕಳಪೆ. ಮುಂಬೈಯಲ್ಲಿ ಜೆಜೆ ಫ್ಲೈಓವರ್ ಹತ್ತಿರ ನಿಮಗೂ ಆಗಿರುತ್ತೆ ನೋಡಿ, ಮೇಲಿದ್ದೀರೋ ಕೆಳಗೆ ಮೊಹಮ್ಮದ್ ಅಲಿ ರೋಡಲ್ಲಿದ್ದೀರೋ ಅಂತ ಅದಕ್ಕೇ ಗೊಂದಲ.

ಕೋಸ್ಟಲ್ ರೋಡ್ ಸುರಂಗದಲ್ಲಿ ಹೋದಾಗಲೂ ಚುಕ್ಕೆ ಓಡ್ತಾನೇ ಇರುತ್ತಲ್ಲ, ಎರಡು ಕಿಲೋಮೀಟರ್ ಒಳಗೆ ಉಪಗ್ರಹದ ಸಿಗ್ನಲ್ ಇರೋಕೆ ಸಾಧ್ಯ ಇಲ್ಲ. ಒಳಗೆ ಹೋಗುವಾಗಿದ್ದ ವೇಗ ಹಿಡ್ಕೊಂಡು ಊಹೆ ಮೇಲೆ ಓಡಿಸ್ತಿರುತ್ತೆ.

ವಾಶಿ_ವಾಸಿ
ಬೆಳಗ್ಗೆ 10:22

ಹೌದಲ್ಲ, ಇದು ಯೋಚನೆ ಮಾಡಿರಲಿಲ್ಲ. ಟ್ರಾಫಿಕ್‌ನಲ್ಲಿ ಸುರಂಗದೊಳಗೆ ನಿಂತಾಗ ಚುಕ್ಕೆ ನನ್ನ ಬಿಟ್ಟು ಮುಂದೆ ಹೋಗಿತ್ತು.

ಕರ್ವೆನಗರ_ಅಕ್ಕ (ಪುಣೆ)
ಸೋಮವಾರ, ಮಧ್ಯಾಹ್ನ 2:30

ಕೋಡರ್ ತಮ್ಮಾ, ನೀನು ವೃತ್ತದ ಬಗ್ಗೆ ಬರದಿದ್ದು ಓದಿ ಕಣ್ಣಾಗ ನೀರು ಬಂತು, ಎರಡು ವರ್ಷದ ಹಿಂದ ಇದು ಗೊತ್ತಿರಬೇಕಿತ್ತು ನನಗ. ನಮ್ಮ ಅಪ್ಪಾಜಿಗೆ ಮರೆವಿನ ಕಾಯಿಲೆ ಅದ. ಒಂದು ಸಂಜಿ ವಾಕಿಂಗ್ ಹೋದವರು ಬರಲಿಲ್ಲ. ಅವರ ಫೋನಿನ ಲೈವ್ ಲೊಕೇಷನ್ ನನ್ನ ಫೋನ್‌ನಾಗ ಇತ್ತು, ತಗದು ನೋಡಿದ್ರ ಮುಠಾ ನದಿ ಆಚೆ, ಸಿಂಹಗಡ ರೋಡ್ ಕಡೆ ಚುಕ್ಕಿ. ನಾನು ನಮ್ಮ ಯಜಮಾನ್ರು ಗಾಡಿ ತಗೊಂಡು ರಾಜಾರಾಮ್ ಬ್ರಿಡ್ಜ್ ದಾಟಿ ಓಡಿದ್ವಿ. ಅಲ್ಲಿ ಹೋಗೂದ್ರಾಗ ಚುಕ್ಕಿ ನದಿ ನಡುವ ಬಂತು. ಆ ಹೊತ್ತಿನಾಗ ನನ್ನ ಜೀವ ಹ್ಯಾಂಗಾಗಿತ್ತು ಅಂತ ಬರೀಲಿಕ್ಕೆ ಬರೂದಿಲ್ಲ. ಒಂದು ತಾಸು ನದಿ ದಂಡಿ ಹುಡುಕಿದ್ವಿ. ಅವರು ಈ ಕಡೇನೇ, ನಮ್ಮ ಮನಿಯಿಂದ ನಾಕು ಗಲ್ಲಿ ಆಚೆ ಒಂದು ಗುಡಿಯೊಳಗ ಕಂಬಕ್ಕ ಒರಗಿ ಕೂತಿದ್ರು.

ಚುಕ್ಕಿ ಸುತ್ತ ದೊಡ್ಡ ನೀಲಿ ವೃತ್ತ ಇತ್ತು, ಅದು ನೆನಪದ ನನಗ, ನದಿ ಎರಡೂ ದಂಡಿ ಅದರೊಳಗ ಇದ್ದವು. ಅದೇನೋ ಬಣ್ಣ ಅಂತ ಬಿಟ್ಟಿದ್ದೆ.

ಹಿಂಜವಡಿ_ಕೋಡರ್
ಮಧ್ಯಾಹ್ನ 3:05

ಅಕ್ಕಾ, ಓದಿ ಮನಸ್ಸು ಭಾರ ಆಯ್ತು. ಅಪ್ಪಾಜಿ ಸಿಕ್ಕರಲ್ಲ, ಅಷ್ಟು ಸಾಕು. ಇನ್ನು ಮುಂದೆ ಹೀಗಾದ್ರೆ ಅಂತ ಒಂದೆರಡು ಮಾತು. ಚುಕ್ಕೆ ಒಂದೇ ಸಲಕ್ಕೆ ಅರ್ಧ ಕಿಲೋಮೀಟರ್ ಹಾರಿದ್ರೆ ಅವರು ಓಡಾಡ್ತಿದ್ದಾರೆ ಅಂತಲ್ಲ, ಫೋನಿಗೆ ಟವರ್ ಬಿಟ್ಟು ಬೇರೇನೂ ಸಿಕ್ತಿಲ್ಲ ಅಂತ. ವೃತ್ತ ದೊಡ್ಡದಿದ್ರೆ ಅದರೊಳಗೆ ಅವರು ದಿನಾ ಹೋಗೋ ಜಾಗ ಯಾವುದಿದೆ ನೋಡಿ ಅಲ್ಲಿಂದ ಹುಡುಕಿ. ಮತ್ತೆ ಅವರ ಫೋನಲ್ಲಿ ಬ್ಯಾಟರಿ ಸೇವರ್ ಆಫ್ ಮಾಡಿಡಿ, ಆ ಲೈವ್ ಲೊಕೇಷನ್ ಆ್ಯಪ್‌ಗೆ 'ಯಾವಾಗಲೂ' ಅನ್ನೋ ಪರ್ಮಿಷನ್ ಕೊಡಿ, ಲೊಕೇಷನ್ ಸೆಟ್ಟಿಂಗಲ್ಲಿ ವೈಫೈ ಸ್ಕ್ಯಾನಿಂಗ್ ಆನ್ ಇರಲಿ. 'ನಿಖರ ಲೊಕೇಷನ್' ಅನ್ನೋದು ಆನ್ ಇದೆಯಾ ಅಂತಾನೂ ನೋಡಿ, ಆ್ಯಂಡ್ರಾಯ್ಡ್ 12ರಿಂದ ಅದನ್ನ ಬೇಡ ಅನ್ನೋಕೆ ಬರುತ್ತೆ, ಆಗ ಆ್ಯಪ್‌ಗೆ ಸಿಗೋದು ಸುಮಾರು 3 ಚದರ ಕಿಲೋಮೀಟರ್ ಅಳತೆಯ ಅಂದಾಜು ಜಾಗ ಅಷ್ಟೇ.

ಕರ್ವೆನಗರ_ಅಕ್ಕ (ಪುಣೆ)
ಮಧ್ಯಾಹ್ನ 3:40

ಈಗ ನೋಡಿದೆ, ಬ್ಯಾಟರಿ ಸೇವರ್ ಆನ್ ಇತ್ತು, ತಗದೆ. ದೇವರು ಒಳ್ಳೇದು ಮಾಡಲಿ ನಿನಗ.

ಕಾರವಾರದವ_ಮಡಗಾಂವ್
ಸೋಮವಾರ, ರಾತ್ರಿ 8:15

ಬೆಳಗಾವಿಯಿಂದ ಗೋವಾಕ್ಕೆ ತರಕಾರಿ ಗಾಡಿ ಓಡಿಸೋನು ನಾನು. ಚೋರ್ಲಾ ಘಾಟಲ್ಲಿ ನೆಟ್‌ವರ್ಕ್ ಹೋಗ್ತದೆ, ಹೊಸ ಹುಡುಗರು ಜಿಪಿಎಸ್ ಹೋಯ್ತು ಅಂತ ಗಾಬರಿ ಆಗ್ತಾರೆ. ಜಿಪಿಎಸ್ ಎಲ್ಲೂ ಹೋಗಿರೋದಿಲ್ಲ, ಹೋಗಿರೋದು ಮ್ಯಾಪಿನ ಚಿತ್ರ. ಮೊದಲೇ ಆ ಭಾಗದ ಮ್ಯಾಪ್ ಡೌನ್‌ಲೋಡ್ ಮಾಡಿ ಇಟ್ಕೊಂಡ್ರೆ ಸಿಮ್ ತೆಗೆದಿಟ್ರೂ ಚುಕ್ಕೆ ಓಡ್ತದೆ. ಒಂದೇ ವ್ಯತ್ಯಾಸ, ಅಲ್ಲೇ ಫೋನ್ ಆಫ್ ಮಾಡಿ ಆನ್ ಮಾಡಿದ್ರೆ ಮೊದಲ ಚುಕ್ಕೆ ಬರೋಕೆ ತುಂಬಾ ಹೊತ್ತು ಹಿಡೀತದೆ.

ಇನ್ನೊಂದು, ಮಳೆಗೆ ಲೊಕೇಷನ್ ಕೆಡ್ತದೆ ಅಂತ ಎಲ್ಲರೂ ಹೇಳ್ತಾರೆ. ಬಯಲಲ್ಲಿ ಎಂಥಾ ಮಳೆ ಹೊಯ್ದ್ರೂ ನನಗೆ ಫರಕ್ ಕಂಡಿಲ್ಲ. ಆದ್ರೆ ಗೋವಾದ ಒಳಗಿನ ವಾಡೋಗಳಲ್ಲಿ, ಅಂದ್ರೆ ಕೇರಿಗಳಲ್ಲಿ, ಎರಡೂ ಕಡೆ ಹಲಸು ಮಾವು ತೆಂಗು ಮುಚ್ಚಿಕೊಂಡಿರೋ ಕಡೆ, ಮಳೆಗಾಲದಲ್ಲಿ ಚುಕ್ಕೆ ಪಕ್ಕದ ಮನೆ ಅಂಗಳಕ್ಕೆ ಹೋಗ್ತದೆ. ಇದ್ಯಾಕೆ ಮೇಷ್ಟ್ರೆ?

ಮುಲುಂಡ್_ಮೇಷ್ಟ್ರು
ರಾತ್ರಿ 9:00

ನೀವು ಕಣ್ಣಲ್ಲಿ ಕಂಡದ್ದು ಸರಿ ಇದೆ. ಈ ಫ್ರೀಕ್ವೆನ್ಸಿಯಲ್ಲಿ ಬೀಳೋ ಮಳೆ ಹನಿ ಸಿಗ್ನಲ್ಲಿಗೆ ಅಡ್ಡಿನೇ ಅಲ್ಲ ಅನ್ನಬಹುದು. ಎಲೆ ಮೇಲೆ, ಎಲೆ ಒಳಗೆ ನಿಂತ ನೀರು ಅಡ್ಡಿ. ಒದ್ದೆ ಮರದ ಚಪ್ಪರ ಸಿಗ್ನಲ್ ಕುಡಿದುಬಿಡುತ್ತೆ. ಫೋನ್ ಆನ್ ಮಾಡಿದ ಮೇಲೆ ತಡ ಆಗೋದಕ್ಕೂ ಕಾರಣ ಇದೆ, ಉಪಗ್ರಹ ತನ್ನ ಮಾಹಿತಿ ಕಳಿಸೋ ವೇಗ ಸೆಕೆಂಡಿಗೆ ಬರೀ 50 ಬಿಟ್, ಎಲ್ಲಾ ಉಪಗ್ರಹಗಳ ಪೂರ್ತಿ ಪಟ್ಟಿ ಆಕಾಶದಿಂದಲೇ ಇಳಿಸಿಕೊಳ್ಳಬೇಕಂದ್ರೆ 12.5 ನಿಮಿಷ. ನೆಟ್‌ವರ್ಕ್ ಇದ್ದಾಗ ಅದೇ ಮಾಹಿತಿ ಇಂಟರ್‌ನೆಟ್ಟಿಂದ ಕ್ಷಣದಲ್ಲಿ ಬರುತ್ತೆ.

ಸಯನ್_ಸಂಜೆ
ರಾತ್ರಿ 9:20

ಜಿಪಿಎಸ್ ಥರದ್ದು ನಮ್ಮ ದೇಶದ್ದೇ ನಾವಿಕ್ ಇದೆಯಲ್ಲ, ಅದು ಇದ್ರೆ ಸರಿ ಹೋಗಲ್ವಾ?

ಮುಲುಂಡ್_ಮೇಷ್ಟ್ರು
ರಾತ್ರಿ 9:50

ನಮ್ಮೂರು ಹಾಸನ, ಇಸ್ರೋದ ಮಾಸ್ಟರ್ ಕಂಟ್ರೋಲ್ ಕೇಂದ್ರ ಇರೋ ಊರು, ನಾವಿಕ್ ಅಂದ್ರೆ ನನಗೆ ಮನೆ ಮಗುವಿನ ವಿಷಯ. ಮೊದಲ ಉಪಗ್ರಹ ಹೋಗಿದ್ದು 2013ರ ಜುಲೈ 1ರಂದು, ಅದರ ನ್ಯಾವಿಗೇಷನ್ ಕೇಂದ್ರ ಇರೋದು ಬೆಂಗಳೂರು ಹತ್ತಿರದ ಬ್ಯಾಲಾಳಿನಲ್ಲಿ. ಇದರ ಉಪಗ್ರಹಗಳು 36,000 ಕಿಲೋಮೀಟರ್ ಎತ್ತರದಲ್ಲಿ ಭಾರತದ ಕಡೆಗೇ ಮುಖ ಮಾಡಿ ಇರೋದರಿಂದ ಇಡೀ ದಿನ ನಮಗೆ ಕಾಣುತ್ತವೆ, ಟವರ್‌ಗಳ ನಡುವೆ ಇದು ಒಳ್ಳೇ ಅನುಕೂಲ. ಆದರೆ ಹಳೇ ಉಪಗ್ರಹಗಳಲ್ಲಿ ಹೊರದೇಶದಿಂದ ತರಿಸಿದ್ದ ಪರಮಾಣು ಗಡಿಯಾರಗಳು ಹಲವು ಕೆಟ್ಟವು. 2023ರ ಮೇ 29ಕ್ಕೆ ನಮ್ಮದೇ ರುಬಿಡಿಯಂ ಗಡಿಯಾರ ಇಟ್ಟು ಎನ್‌ವಿಎಸ್-01 ಹಾರಿಸಿದ್ರು, ಅದು ಚೆನ್ನಾಗಿ ಹೋಯ್ತು. 2025ರ ಜನವರಿ 29ರಂದು ಹೋದ ಎನ್‌ವಿಎಸ್-02 ತನ್ನ ಕಕ್ಷೆ ಮುಟ್ಟಲಿಲ್ಲ, ಅವತ್ತು ನನಗೆ ತುಂಬಾ ಸಂಕಟ ಆಯ್ತು. ಫೋನುಗಳು ಹೇಗೂ ಒಂದನ್ನೇ ನಂಬಿ ಕೂರಲ್ಲ, ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈಡೂ, ನಮ್ಮ ನಾವಿಕ್, ಯಾವುದು ಕೇಳಿಸುತ್ತೋ ಎಲ್ಲಾ ಸೇರಿಸಿ ಲೆಕ್ಕ ಮಾಡ್ತವೆ. ಆದರೂ ಬೇಸ್‌ಮೆಂಟಿಗೆ ಯಾವ ದೇಶದ್ದೂ ಇಳಿಯಲ್ಲ.

ಕುಂದಾಪ್ರ_ಕಾಂದಿವಲಿ
ಮಂಗಳವಾರ, ಬೆಳಗ್ಗೆ 7:45

ಇಲ್ಲಿ ಕೇಳಬಹುದಾ ಗೊತ್ತಿಲ್ಲ. ಊರಲ್ಲಿ ನಮ್ಮ ತಮ್ಮ ದಿಶಾಂಕ್ ಅಂತ ಜಾಗದ ಸರ್ವೇ ನಂಬರ್ ತೋರಿಸುವ ಆ್ಯಪ್ ಹಿಡ್ಕೊಂಡು ಗಡಿ ಉದ್ದಕ್ಕೂ ನಡ್ದಿದ್ದಾನೆ, ಪಕ್ಕದ ಮನೆ ದೊಡ್ಡಪ್ಪ ನಮ್ಮ ಜಾಗಕ್ಕೆ ಒಂದೂವರೆ ಮಾರು ಒಳಗೆ ಬಂದಿದ್ದಾರೆ ಅಂತ ಅವನ ವಾದ. ಈಗ ಬೇಲಿ ಕೀಳ್ತೇನೆ ಅಂತ ಕೂತಿದ್ದಾನೆ. ನಾನು ಇಲ್ಲಿಂದ ಎಂತ ಹೇಳಲಿ?

ಸರ್ವೇದಾವ_ಪುಣೆ
ಬೆಳಗ್ಗೆ 9:30

ಬ್ಯಾಡ ಅಂತ ಇವತ್ತ ಫೋನ್ ಮಾಡಿ ಹೇಳ್ರಿ, ಸಂಜೀ ತನಕ ಕಾಯಬ್ಯಾಡ್ರಿ. ನಾ ಬೆಳಗಾವಿಯಾವ, ಇಲ್ಲಿ ಸರ್ವೇ ಕೆಲಸದಾಗ ಅದೀನಿ, ದಿನಾ ಇದನ್ನ ನೋಡ್ತೀನಿ.

ನಿಮ್ಮ ಕಡೆ ಸೆಂಟ್ಸ್ ಲೆಕ್ಕ ಅಲ್ಲೇನ್ರಿ? ಒಂದ ಸೆಂಟ್ಸ್ ಅಂದ್ರ 435.6 ಚದರ ಅಡಿ, ಚೌಕ ಮಾಡಿದ್ರ ಒಂದ ಬದಿ ಸುಮಾರು 21 ಅಡಿ, ಅಂದ್ರ ಆರೂವರೆ ಮೀಟರ್ ಹತ್ರ. ಫೋನು ಭಾಳ ಚಂದ ಕೆಲಸ ಮಾಡಿ 5 ಮೀಟರ್ ತೋರಿಸೈತಿ ಅಂತ ಇಟ್ಕೊಳ್ರಿ, ಆ ವೃತ್ತದ ಅಡ್ಡಗಲ 10 ಮೀಟರ್, ಅದರಾಗ ಒಂದ ಸೆಂಟ್ಸ್ ಜಾಗ ಪೂರ್ತಿ ಕುಂಡ್ರತೈತಿ, ಮ್ಯಾಲೆ ಇನ್ನೂ ಅಷ್ಟ ಉಳೀತೈತಿ. ನಿಮ್ಮ ತಮ್ಮ ಜಗಳಾಡೂದು ಒಂದೂವರೆ ಮಾರಿಗೆ, ಒಂಬತ್ತ ಅಡಿ. ಆ ಅಳತಿ ಫೋನಿನ ಕಣ್ಣಿಗೇ ಬೀಳಂಗಿಲ್ಲ. ಮತ್ತ ಹಳೇ ಊರ ನಕಾಶೆ ಕಂಪ್ಯೂಟರಿಗೆ ಏರಿಸಿ ಕೂಡಿಸುವಾಗಿನ ವ್ಯತ್ಯಾಸ ಬ್ಯಾರೆ ಇರ್ತೈತಿ. ಆ ಆ್ಯಪ್ ಛಲೋ ಐತಿ, ನಾ ಯಾವ ಸರ್ವೇ ನಂಬರಿನಾಗ ನಿಂತೀನಿ ಅಂತ ತಿಳ್ಕೊಳ್ಳಾಕ. ಬೇಲಿ ಹಾಕಾಕಲ್ಲ.

ದಶಮಾಂಶದ ಅಂಕಿ ನೋಡಿ ಮೋಸ ಹೋಗಬ್ಯಾಡ್ರಿ. ಅಕ್ಷಾಂಶದಾಗ ದಶಮಾಂಶ ಬಿಂದು ಆದ ಮ್ಯಾಲೆ ಆರು ಅಂಕಿ ತೋರಸ್ತೈತಿ, ಆರನೇ ಅಂಕಿ ಅಂದ್ರ 11 ಸೆಂಟಿಮೀಟರ್. ತೋರಸೂದು ಬ್ಯಾರೆ, ಗೊತ್ತಿರೂದು ಬ್ಯಾರೆ. ನಾವು ಗಡಿ ಹಿಡಿಯೂದು ಆರ್‌ಟಿಕೆ ರೋವರ್ ಅನ್ನೂ ಸರ್ವೇ ಮಷೀನಿನಿಂದ, ಸರ್ವೇ ಆಫ್ ಇಂಡಿಯಾದವರು ಒಂದ ಕಡೆ ಕಾಯಂ ನಿಲ್ಲಿಸಿದ ಕಾರ್ಸ್ ಸ್ಟೇಷನ್‌ಗಳಿಂದ ತಿದ್ದುಪಡಿ ತಗೊಂಡು ಸೆಂಟಿಮೀಟರ್ ಲೆಕ್ಕದಾಗ. ಹದ್ದುಬಸ್ತಿಗೆ ಅರ್ಜಿ ಹಾಕಸ್ರಿ, ಸರ್ವೇಯರ್ ಬಂದು ಕಲ್ಲ ಹಾಕಲಿ. ದೊಡ್ಡಪ್ಪನ ಜತಿ ಮಾತ ಕೆಟ್ರ ಅದನ್ನ ತಿದ್ದಾಕ ಯಾವ ಮಷೀನೂ ಇಲ್ಲ.

ಕುಂದಾಪ್ರ_ಕಾಂದಿವಲಿ
ಬೆಳಗ್ಗೆ 11:10

ಫೋನ್ ಮಾಡಿದೆ. ನಿಮ್ಮ ಸೆಂಟ್ಸ್ ಲೆಕ್ಕ ಓದಿ ಹೇಳಿದೆ, ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಮತ್ತೆ ಅರ್ಜಿ ಹಾಕ್ತೇನೆ ಅಂತ ಹೇಳಿದ. ಉಪಕಾರ ಆಯ್ತು.

ಇಂಡಿ_ಹುಡುಗ (ಘಾಟ್ಕೋಪರ್)
ಬುಧವಾರ, ರಾತ್ರಿ 11:40

ನಿನ್ನೆ ಕಾಕಾನ ಜತಿ ಲೋವರ್ ಪರೇಲ್‌ಗೆ ಹೋಗಿದ್ದೆ. ಕೋಡರ್ ಅಣ್ಣ ಹೇಳಿದಂಗ ಎಲ್ಲಾ ಕಡೆ ನಿಂತು ಆಕ್ಯುರಸಿ ಬರಕೊಂಡೀನಿ, ಸ್ಕ್ರೀನ್‌ಶಾಟ್ ಸುದ್ದಾ ಅದಾವ. ಗಾರ್ಡ್ ರೂಮಿನ ಮುಂದ 180 ಮೀಟರ್. ವೈಫೈ ಸ್ಕ್ಯಾನಿಂಗ್ ಆಫ್ ಇತ್ತು, ಆನ್ ಮಾಡಿದ್ರ 45ಕ್ಕ ಬಂತು. ರ‍್ಯಾಂಪ್ ಏರಿ ಗಾಜಿನ ಗ್ವಾಡಿ ಬಾಜೂಕ 22. ಹಿಂದಿನ ಗೇಟ್ ದಾಟಿ ಫುಟ್‌ಪಾತಿನ ತುದಿಗೆ, ಅಲ್ಲಿ ಮ್ಯಾಲೆ ಖುಲ್ಲಾ ಆಕಾಶ ಐತಿ, 40 ಸೆಕೆಂಡ್ ನಿಂತ್ವಿ, 6 ಮೀಟರ್. ಚುಕ್ಕಿ ನಮ್ಮ ಕಾಲ ಕೆಳಗ.

ಆದ್ರ ಆ್ಯಪ್ ಅಲ್ಲೂ ಹಾಜರಿ ತಗೋಲಿಲ್ಲ! '74 ಮೀಟರ್ ದೂರ' ಅಂತು. ನಂಗ ತಲೀನ ತಿರಗಿತು. ಆಮ್ಯಾಲೆ ಕಾಕಾನ ಅಂದ್ರು, ಇವರು ಸೈಟ್ ಅಂತ ಎಲ್ಲಿ ಗುರ್ತ ಮಾಡ್ಯಾರ ನೋಡೂನು ಅಂತ. ಆ್ಯಪ್‌ನ್ಯಾಗ ಮ್ಯಾಪ್ ಒತ್ತಿದ್ರ ಪಿನ್ ಇರೂದು ಮುಂದಿನ ಲಾಬಿ ಬಾಗಲದಾಗ, ಸಾಹೇಬ್ರು ಕಾರ್ ಇಳಿಯೂ ಕಡೆ. ಕಾಕಾ ಲಾಬಿಯಿಂದ ಹಿಂದಿನ ಗೇಟಿಗೆ ಹೆಜ್ಜಿ ಎಣಸಿಕೊಂತ ನಡದ್ರು, ನೂರಾ ಎರಡ ಹೆಜ್ಜಿ. ಅಂದ್ರ ಫೋನು ಖರೇನ ಹೇಳಿತ್ತು, ಬಿಲ್ಡಿಂಗ ಅಷ್ಟ ಉದ್ದ ಐತಿ, 50 ಮೀಟರ್ ಬೇಲಿಯೊಳಗ ಗಾರ್ಡ್‌ಗಳು ಓಡಾಡೂ ಜಾಗಾನ ಬರಂಗಿಲ್ಲ.

ಹಿಂಜವಡಿ_ಕೋಡರ್
ಗುರುವಾರ, ಬೆಳಗ್ಗೆ 7:15

ಇದು ನನಗೆ ಹೊಳೆದಿರಲಿಲ್ಲ, ಕಾಕಾಗೆ ನನ್ನ ನಮಸ್ಕಾರ ಹೇಳಿ. ಮೂರು ವಿಷಯ ಒಂದೇ ಕಾಗದದಲ್ಲಿ ಬರೆದುಕೊಡಿ. ಪಿನ್ ತಪ್ಪು ಜಾಗದಲ್ಲಿದೆ, 50 ಮೀಟರ್ ಸಾಲದು, ಆಕ್ಯುರಸಿ ಕೆಟ್ಟದಿದ್ದಾಗ ಗೈರುಹಾಜರಿ ಹಾಕದೆ ಮತ್ತೆ ಒತ್ತೋಕೆ ಬಿಡಬೇಕು. ಸ್ಕ್ರೀನ್‌ಶಾಟ್ ಪ್ರಿಂಟ್ ಹಾಕಿಸಿ ಲಗತ್ತಿಸಿ, ಮತ್ತೆ ಒಂದು ಪ್ರತಿ ಮೇಲೆ 'ತಲುಪಿದೆ' ಅಂತ ಸಹಿ ಹಾಕಿಸ್ಕೊಳ್ಳಿ.

ಇಂಡಿ_ಹುಡುಗ (ಘಾಟ್ಕೋಪರ್)
ಶನಿವಾರ, ರಾತ್ರಿ 10:20

ಕೊಟ್ಟು ಬಂದ್ವಿ. ಸೂಪರ್‌ವೈಸರ್‌ನ ಹಿಂದಿನ ಗೇಟಿಗೆ ಕರಕೊಂಡು ಹೋಗಿ ಅವನ ಫೋನ್‌ನ್ಯಾಗೇ ಒತ್ತಿಸಿದೆ, ಅವಂಗೂ 71 ಬಂತು. ಆಮ್ಯಾಲೆ ಕೆಳಗ ಬೇಸ್‌ಮೆಂಟಿಗೆ ಹೋದ್ವಿ, ಅವನ ಚುಕ್ಕಿ ಎದುರಿನ ಮಿಲ್ ಕಂಪೌಂಡ್‌ನ್ಯಾಗ ಹೋಗಿ ಕುಂತಿತು. ಭಾಳ ಹೊತ್ತು ನೋಡಿದ, ಏನೂ ಅನ್ನಲಿಲ್ಲ, ಫೋಟೋ ತಕ್ಕೊಂಡು ಆಫೀಸಿಗೆ ಕಳಿಸಿದ. ಇವತ್ತ ಪಿನ್ ಬಿಲ್ಡಿಂಗ್ ನಡುವ ತಂದಾರ, 150 ಮೀಟರ್ ಮಾಡ್ಯಾರ. ಉಳದ ಆರು ಗಾರ್ಡ್‌ಗಳದೂ ಹಿಂಗ ಪಗಾರ ಹೋಗಿತ್ತಂತ, ಕಾಕಾ ಅವರ ಹೆಸರೂ ಕಾಗದದಾಗ ಬರಸಿದ್ರು. ಹಿಡದ ರೊಕ್ಕ ಮುಂದಿನ ತಿಂಗಳ ಸೇರಿಸಿ ಕೊಡ್ತೀವಿ ಅಂದಾರ, ಕೈಗೆ ಬಂದ ಮ್ಯಾಲೆ ಇಲ್ಲೇ ತಿಳಸ್ತೀನಿ.

ಕಾಕಾ ಪಾಳಿಗೆ ಹ್ವಾದ್ರು. ಹೋಗುವಾಗ ಮೇಷ್ಟ್ರ ಬರದಿದ್ದು ಇನ್ನೊಮ್ಮೆ ಓದಸ್ಕೊಂಡ್ರು, ಸ್ಯಾಟಲೈಟಿಗೆ ನಮ್ಮ ಫೋನ್ ಇರೂದ ಗೊತ್ತಿಲ್ಲ ಅನ್ನೂ ಸಾಲು.